ಸಾಲ ಕೊಡುವವನ ಹೊಣೆ



ಸಾಲದ ಮಾತು ಬಂದಾಗಲೆಲ್ಲ ನಮ್ಮ ಉಪದೇಶ ಸಾಲ ಪಡೆದವನ ಕಡೆಗೇ ಹರಿಯುತ್ತದೆ. ವಾಯಿದೆ ಮೀರಬೇಡ, ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಇದು ಸರಿಯೇ. ಸಾಲ ಉಳಿಸಿ ಮೃತನಾದವನ ಜನಾಝ ನಮಾಝಿಗೆ ನಿಲ್ಲಲು ಪ್ರವಾದಿವರ್ಯರು(ಸ) ಹಿಂಜರಿದುದೂ, ಸಹಾಬಿಯೊಬ್ಬರು(ರ) ಆ ಸಾಲವನ್ನು ವಹಿಸಿಕೊಂಡ ಬಳಿಕವೇ ನಮಾಝ್ ನಿರ್ವಹಿಸಿದುದೂ ನಮಗೆ ತಿಳಿದಿದೆ. ಆದರೆ ಸಾಲ ಕೊಡುವವನಿಗೆ ಯಾವ ಹೊಣೆಯೂ ಇಲ್ಲವೇ?

ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯವನ್ನು ಗಮನವಿಟ್ಟು ಓದಿರಿ. ಬಡ್ಡಿಯನ್ನು ಬಿಡಬೇಕೆಂಬ ಕಟ್ಟುನಿಟ್ಟಿನ ಆಜ್ಞೆ ಕೊಡುವವನಿಗೇ ಇದೆ. ಅವನ ಮೂಲಧನ ಅವನದೇ; ಅವನು ಅನ್ಯಾಯ ಮಾಡಲೂಬಾರದು, ಅವನಿಗೆ ಅನ್ಯಾಯವಾಗಲೂಬಾರದು. ಸಾಲಗಾರನು ಇಕ್ಕಟ್ಟಿನಲ್ಲಿದ್ದರೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂಬ ಬೋಧನೆಯೂ ಅವನಿಗೇ. ಕುರ್‌ಆನಿನ ಅತಿ ದೀರ್ಘ ಸೂಕ್ತವು ಸಾಲವನ್ನು ಬರೆದಿಡುವ, ಸಾಕ್ಷಿಗಳನ್ನು ನಿಲ್ಲಿಸುವ ನಿಯಮಗಳಿಗೆ ಮೀಸಲಾಗಿದೆ. ಸಾಲವೆಂಬುದು ಇಬ್ಬರ ಗುಟ್ಟಿನ ವ್ಯವಹಾರವಲ್ಲ, ಸಮಾಜದ ನೆಮ್ಮದಿಗೆ ಸಂಬಂಧಿಸಿದ ಸಂಗತಿ ಎಂಬುದು ಇದರಿಂದ ಸ್ಪಷ್ಟ.

ಇದರ ಜೀವಂತ ನಿದರ್ಶನ ಹಝ್ರತ್ ಝುಬೈರ್ ಬಿನ್ ಅವ್ವಾಮ್(ರ) ಅವರ ಚರಿತ್ರೆಯಲ್ಲಿದೆ. ಇಮಾಮ್ ಬುಖಾರಿಯವರು ಅದನ್ನು ವರದಿ ಮಾಡಿದ್ದಾರೆ. ಜನರು ತಮ್ಮ ಹಣವನ್ನು ಅಮಾನತ್ತಾಗಿಡಲು ಅವರ ಬಳಿಗೆ ಬರುತ್ತಿದ್ದರು. ಅದು ಕಳೆದುಹೋದೀತೆಂಬ ಭಯದಿಂದ ಅವರು ಅದನ್ನು ಸಾಲವಾಗಿಯೇ ಪಡೆಯುತ್ತಿದ್ದರು. ಏಕೆಂದರೆ ಅಮಾನತ್ತು ತನ್ನ ತಪ್ಪಿಲ್ಲದೆ ನಷ್ಟವಾದರೆ ಇಟ್ಟುಕೊಂಡವನು ತುಂಬಿಕೊಡಬೇಕಾಗಿಲ್ಲ. ಸಾಲವಾದರೆ ಏನೇ ಆದರೂ ಮರಳಿಸಲೇಬೇಕು. ಕ್ರಿ.ಶ. 656ರಲ್ಲಿ ಅವರು ಹುತಾತ್ಮರಾದಾಗ ಲೆಕ್ಕ ಹಾಕಿದ ಸಾಲದ ಮೊತ್ತ 22 ಲಕ್ಷ. ಕೈಯಲ್ಲಿ ನಗದಿರಲಿಲ್ಲ, ಭೂಮಿ, ಮನೆಗಳಿದ್ದವು. 4 ಲಕ್ಷ ಕೊಟ್ಟಿದ್ದ ಅಬ್ದುಲ್ಲಾ ಬಿನ್ ಜಅಫರ್(ರ) ಬಂದು ಹೇಳಿದ್ದೇನು? ಬಯಸಿದರೆ ಮನ್ನಾ ಮಾಡುತ್ತೇನೆ, ಇಲ್ಲವೇ ನನ್ನ ಪಾಲನ್ನು ಕೊನೆಗೆ ಕೊಡಿ ಎಂದು. ಝುಬೈರ್‌ರ ಪುತ್ರ ಎರಡನ್ನೂ ಒಪ್ಪಲಿಲ್ಲ. ಭೂಮಿಯಲ್ಲೇ ಅವರ ಪಾಲನ್ನು ಸಲ್ಲಿಸಿದರು. ಎಲ್ಲರ ಸಾಲ ತೀರಿದ ಮೇಲೂ ನಾಲ್ಕು ವರ್ಷ ಹಜ್ಜ್ ಕಾಲದಲ್ಲಿ ಬಾಕಿ ಇರುವವರು ಬನ್ನಿರೆಂದು ಸಾರಿಸಿ, ಅನಂತರವೇ ಆಸ್ತಿಯನ್ನು ವಾರಸುದಾರರಿಗೆ ಹಂಚಿದರು. ಪಡೆದವನ ಪ್ರಾಮಾಣಿಕತೆ, ಕೊಟ್ಟವನ ಸಹನೆ ಎರಡೂ ಕೂಡಿದ್ದರಿಂದ ಅಷ್ಟು ದೊಡ್ಡ ಸಾಲ ಯಾರ ಮನೆಯನ್ನೂ ಮುರಿಯಲಿಲ್ಲ.

ಈಗ ನಮ್ಮ ಕಾಲವನ್ನು ನೋಡಿರಿ. ಈ ಶತಮಾನದ ಮೊದಲ ವರ್ಷಗಳಲ್ಲಿ ಅಮೇರಿಕಾದ ಅನೇಕ ಸಾಲ ಸಂಸ್ಥೆಗಳು ಆದಾಯವನ್ನು ಸರಿಯಾಗಿ ವಿಚಾರಿಸದೆ ಮನೆಸಾಲ ಹಂಚಿದವು. ಮೊದಲು ಕಡಿಮೆ ಬಡ್ಡಿ, ಎರಡು ಮೂರು ವರ್ಷ ಕಳೆದ ಮೇಲೆ ಏರುವ ಬಡ್ಡಿ. ಇಷ್ಟು ಧೈರ್ಯ ಎಲ್ಲಿಂದ ಬಂತು? ಕೊಟ್ಟ ಸಾಲಗಳನ್ನು ಗಂಟು ಕಟ್ಟಿ ಹೂಡಿಕೆ ಪತ್ರಗಳಾಗಿಸಿ ಬೇರೆಯವರಿಗೆ ಮಾರಲಾಗುತ್ತಿತ್ತು. ಸಾಲಗಾರನು ಮುಳುಗಿದರೆ ತನಗೇನೂ ಆಗದು ಎಂದು ತಿಳಿದವನು ಅವನ ಯೋಗಕ್ಷೇಮ ಏಕೆ ವಿಚಾರಿಸಿಯಾನು? ಮನೆಗಳ ಬೆಲೆ ಕುಸಿದಾಗ ಆ ಪತ್ರಗಳು ಬೆಲೆ ಕಳೆದುಕೊಂಡವು. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಠೇವಣಿದಾರರು ಸಾಲುಗಟ್ಟಿದರು. 2008ರ ಸೆಪ್ಟೆಂಬರ್ 15ರಂದು, 1850ರಲ್ಲಿ ಸ್ಥಾಪನೆಯಾದ ಲೇಹ್ಮನ್ ಬ್ರದರ್ಸ್ ದಿವಾಳಿಯಾಯಿತು. ಬ್ಯಾಂಕುಗಳು ಪರಸ್ಪರ ಸಾಲ ಕೊಡಲು ಹೆದರಿದವು. ಅಮೇರಿಕಾ ಸರಕಾರ 70,000 ಕೋಟಿ ಡಾಲರುಗಳ ನೆರವಿನ ಕಾನೂನು ತರಬೇಕಾಯಿತು. ಯಾರ ಸಾಲಕ್ಕೂ ಕೈಯೊಡ್ಡದ ಕೂಲಿಕಾರನೂ ಕೆಲಸ ಕಳೆದುಕೊಂಡ.

ಕೊಡುವಾಗ ವಿವೇಕವಿಲ್ಲ, ಕೇಳುವಾಗ ಸಹನೆಯಿಲ್ಲ, ನಷ್ಟದಲ್ಲಿ ಪಾಲಿಲ್ಲ. ಬಡ್ಡಿಯ ವ್ಯವಸ್ಥೆಯ ಈ ಮೂರು ರೋಗಗಳೇ ಆ ಕುಸಿತದಲ್ಲಿ ಹೊರಬಿದ್ದವು.

ಇದು ದೊಡ್ಡವರ ಕಥೆ, ನಾವು ಯಾರಿಗೆ ಸಾಲ ಕೊಡುತ್ತೇವೆ ಎನ್ನುವಿರಾ? ಬ್ಯಾಂಕಿನಲ್ಲೋ ಸಂಸ್ಥೆಯೊಂದರಲ್ಲೋ ಠೇವಣಿ ಇಟ್ಟವನೂ ಸಾಲ ಕೊಟ್ಟವನೇ. ಹಲಾಲ್ ಲಾಭದ ಹೆಸರಿನಲ್ಲಿ ಹಣ ಸಂಗ್ರಹಿಸಿದ್ದ ಬೆಂಗಳೂರಿನ ಐ.ಎಂ.ಎ. ಸಂಸ್ಥೆ 2019ರ ಜೂನಿನಲ್ಲಿ ಬಾಗಿಲು ಮುಚ್ಚಿದಾಗ ಮಗಳ ಮದುವೆಗೆ, ಹಜ್ಜ್ ಯಾತ್ರೆಗೆ ಕೂಡಿಟ್ಟದ್ದನ್ನು ಕಳೆದುಕೊಂಡ ಕುಟುಂಬಗಳೆಷ್ಟು! ಅವರು ನೊಂದವರು, ಅವರನ್ನು ದೂಷಿಸುವುದು ಸಲ್ಲದು. ಆದರೆ ಪಾಠ ಕಲಿಯದಿರುವುದೂ ಸಲ್ಲದು. ಪಾಲುದಾರನೆಂದರೆ ನಷ್ಟಕ್ಕೂ ಪಾಲುದಾರ. ತಿಂಗಳು ತಿಂಗಳು ಲಾಭ ಬರುತ್ತಿದ್ದರೆ ಅದು ಯಾವ ವ್ಯಾಪಾರದಿಂದ ಬರುತ್ತಿದೆ ಎಂದು ಕೇಳಿರಿ, ಲೆಕ್ಕ ನೋಡಿರಿ. 'ಹಲಾಲ್' ಎಂಬ ಫಲಕ ತೂಗಿದ ಮಾತ್ರಕ್ಕೆ ವಿಚಾರಿಸುವ ಹೊಣೆ ಇಳಿಯುವುದಿಲ್ಲ.

ಇನ್ನೊಂದು ಮಾತು. ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು 2025ರಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಆ ಸಾಲಗಳ ಬಾಗಿಲು ತಟ್ಟಿದವರಲ್ಲಿ ನಮ್ಮ ಮೊಹಲ್ಲಾದ ತಾಯಂದಿರಿಲ್ಲವೇ? ಮಗುವಿನ ಚಿಕಿತ್ಸೆಗೆ ಹತ್ತು ಸಾವಿರ ಬೇಕಾದಾಗ ಅವಳು ಮೊದಲು ಬಂದದ್ದು ನಮ್ಮ ಮನೆಗಿರಬಹುದು. ನಾವು ಕೈ ಬಿಟ್ಟ ಮೇಲೆ ಅವಳು ಬಡ್ಡಿಯ ಕಡೆಗೆ ನಡೆದಿರಬಹುದು. ಬಡ್ಡಿ ಹರಾಮ್ ಎಂದು ಅವಳಿಗೆ ಬೋಧಿಸುವ ಮುನ್ನ ಕರ್ಝೆ ಹಸನ್ ಕೊಡಲು ಶಕ್ತರಾದವರು ತಮ್ಮನ್ನೇ ಪ್ರಶ್ನಿಸಿಕೊಳ್ಳಲಿ.

ಆದುದರಿಂದ ಕೊಡುವಾಗ ಅವನ ಅಗತ್ಯವನ್ನೂ ಶಕ್ತಿಯನ್ನೂ ತಿಳಿದು ಕೊಡಿರಿ. ಅಣ್ಣತಮ್ಮಂದಿರಾದರೂ ಬರೆದಿಡಿರಿ. ಕಷ್ಟದಲ್ಲಿದ್ದರೆ ಕಾಲಾವಕಾಶ ಕೊಡಿರಿ, ನಾಲ್ಕು ಜನರ ಮುಂದೆ ಕೇಳಿ ಅವನ ಮಾನ ಕಳೆಯಬೇಡಿರಿ. ಮೊಹಲ್ಲಾದ ಅನುಕೂಲಸ್ಥರು ಸೇರಿ ಬಡ್ಡಿರಹಿತ ನಿಧಿಯೊಂದನ್ನು ಆರಂಭಿಸಿ, ಅದರ ಲೆಕ್ಕವನ್ನು ಎಲ್ಲರ ಮುಂದಿಡಿರಿ. ಬೇರೆ ಪುಣ್ಯವೇನೂ ಇಲ್ಲದ ವ್ಯಾಪಾರಿಯೊಬ್ಬ ಸಾಲಗಾರರ ವಿಷಯದಲ್ಲಿ ಮೃದುವಾಗಿದ್ದ ಕಾರಣಕ್ಕೆ ಅಲ್ಲಾಹನು ಅವನನ್ನು ಕ್ಷಮಿಸಿದನೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ನಾಳೆ ಪರಲೋಕದಲ್ಲಿ ನಾವೆಲ್ಲರೂ ಸಾಲಗಾರರಾಗಿಯೇ ನಿಲ್ಲುವವರು. ಅಲ್ಲಿ ಯಾವ ಮೃದುತ್ವವನ್ನು ಬಯಸುತ್ತೇವೆಯೋ ಅದನ್ನು ಇಲ್ಲಿ ಇತರರಿಗೆ ತೋರುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಅನುಗ್ರಹಿಸಲಿ. ಆಮೀನ್.