ಹಿಟ್ಟಿನ ಕೋಳಿ ಮತ್ತು ಕಥೆಯೊಳಗಿನ ಕೊಲೆ

ಕಥೆಯಲ್ಲಿ ಕೊಲೆಯನ್ನು ಚಿತ್ರಿಸಿದವನಿಗೆ ಹಿಂಸೆಯ ದೋಷ ತಗಲುವುದೆ? ಅದನ್ನು ಓದಿದವನಿಗೆ, ತೆರೆಯ ಮೇಲೆ ನೋಡಿದವನಿಗೆ ತಗಲುವುದೆ? ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಾವು ಉತ್ತರಿಸಲೇಬೇಕಾದ ಪ್ರಶ್ನೆಯಿದು. ನನಗೆ ಇದು ಗ್ರಂಥದಿಂದ ಬಂದುದಲ್ಲ. ಹದಿನೈದು ವರ್ಷದ ಬಾಲಕನೊಬ್ಬನಿಂದ ಬಂದಿತು.

ದಶಲಕ್ಷಣ ಪರ್ವದ ಅಂಗವಾಗಿ ನಮ್ಮ ಸಮಾಜದ ಮಕ್ಕಳಿಗೆ ಕಥಾಸ್ಪರ್ಧೆಯೊಂದನ್ನು ಏರ್ಪಡಿಸಲಾಗಿತ್ತು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ವ್ಯಾಪಾರ ಮಾಡಿಕೊಂಡಿರುವ ನನ್ನನ್ನೂ ಮೂವರು ತೀರ್ಪುಗಾರರಲ್ಲಿ ಒಬ್ಬನನ್ನಾಗಿ ಸೇರಿಸಿಕೊಂಡಿದ್ದರು. ಆ ಬಾಲಕನ ಕಥೆಯಲ್ಲಿ ಕುರಿಗಾಹಿ ಹುಡುಗನೊಬ್ಬ ತಾನು ಮರಿಯಿಂದ ಸಾಕಿದ ಟಗರನ್ನು ಊರಜಾತ್ರೆಯ ಬಲಿಗೆ ಒಪ್ಪಿಸಬೇಕಾಗುತ್ತದೆ. ಕೊನೆಯ ಪುಟದಲ್ಲಿ ಬಲಿಯ ವರ್ಣನೆಯಿತ್ತು. ಭಾಷೆ ಚೊಕ್ಕವಾಗಿತ್ತು. ಆದರೂ ಪರ್ವದ ದಿನಗಳಲ್ಲಿ ರಕ್ತದ ವರ್ಣನೆಯನ್ನು ಓದಿಸುವುದು ಉಚಿತವಲ್ಲವೆಂದು ಅದನ್ನು ಕೈಬಿಟ್ಟೆವು. ಹಾಗೆ ಮೊದಲು ಹೇಳಿದವನು ನಾನೇ.

ಮರುದಿನ ಆ ಹುಡುಗ ಅಂಗಡಿಗೆ ಬಂದು, “ತಾತ, ಹಾಗಾದರೆ ನೀವೇ ನಮಗೆ ಹೇಳಿದ ಯಶೋಧರನ ಕಥೆಯನ್ನೂ ಓದಬಾರದಲ್ಲವೆ?” ಎಂದು ಕೇಳಿದ. ಗಿರಾಕಿಗಳು ನಿಂತಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಆಚಾರ್ಯರು ಕಥೆಯನ್ನು ಹಗುರವಾಗಿ ಎಣಿಸಿದವರಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪ್ರಯೋಜನವಿಲ್ಲದೆ ಮಾಡುವ ಪಾಪಗಳನ್ನು ಅನರ್ಥದಂಡವೆಂದು ಕರೆದು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ದುಃಶ್ರುತಿಯೂ ಒಂದು. ಎಂದರೆ, ಮನಸ್ಸನ್ನು ಕಲುಷಿತಗೊಳಿಸುವ ವಿಷಯಗಳನ್ನು ಕೇಳುವುದು. ಕಾಡುಹರಟೆಯ ಕಥೆಗಳಿಗೆ ವಿಕಥೆಯೆಂಬ ಹೆಸರೇ ಇದೆ. ಆದುದರಿಂದ ಮಕ್ಕಳು ಏನನ್ನು ಓದುತ್ತಾರೆ, ಏನನ್ನು ನೋಡುತ್ತಾರೆ ಎಂದು ಹಿರಿಯರು ಚಿಂತಿಸುವುದು ಸಂಕುಚಿತ ಬುದ್ಧಿಯಲ್ಲ. ನಮ್ಮ ಆತಂಕ ಸರಿಯಾಗಿಯೇ ಇತ್ತು, ತಪ್ಪಿದ್ದು ಅಳತೆಗೋಲು.

ಜನ್ನಕವಿಯು ‘ಯಶೋಧರ ಚರಿತೆ’ಯನ್ನು ರಚಿಸಿದ್ದು ಕ್ರಿ.ಶ. 1209ರಲ್ಲಿ. ದುಃಸ್ವಪ್ನದ ಶಾಂತಿಗಾಗಿ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಹೇಳುತ್ತಾಳೆ. ಯಶೋಧರ ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾರೆ. ಒಂದು ಜೀವವೂ ಹೋಗಲಿಲ್ಲ. ಆದರೂ ಆ ಸಂಕಲ್ಪಹಿಂಸೆಗಾಗಿ ತಾಯಿಮಕ್ಕಳು ಅನೇಕ ತಿರ್ಯಂಚ ಜನ್ಮಗಳನ್ನು ತೊಳಲಬೇಕಾಯಿತು. ಇಷ್ಟನ್ನೇ ನೆನೆದರೆ, ಕಲ್ಪನೆಯ ಕೊಲೆಯೂ ಕೊಲೆಯೇ, ಆದ್ದರಿಂದ ಕಥೆಗಾರನೂ ಅಪರಾಧಿಯೇ ಎಂದು ತೋರುತ್ತದೆ. ನಾನು ನಿಂತದ್ದು ಇಲ್ಲಿಯೇ.

ಆದರೆ ಕಾವ್ಯ ಇಷ್ಟಕ್ಕೇ ನಿಲ್ಲುವುದಿಲ್ಲ. ಈ ವೃತ್ತಾಂತವನ್ನು ಹೇಳುವವನು ಅಭಯರುಚಿ. ಹಿಂದಿನ ಜನ್ಮದ ಯಶೋಧರನೇ ಅವನು. ಅವನನ್ನೂ ತಂಗಿ ಅಭಯಮತಿಯನ್ನೂ ಚಂಡಮಾರಿಗೆ ಬಲಿಗೊಡಲು ಮಾರಿದತ್ತನ ಮುಂದೆ ತಂದು ನಿಲ್ಲಿಸಿದ್ದಾರೆ. ಅಭಯರುಚಿ ಕಥೆ ಹೇಳುತ್ತಾನೆ. ಆ ಕಥೆಯ ತುಂಬ ದ್ರೋಹವಿದೆ, ವಿಷವಿದೆ, ಸಾವಿದೆ; ಯಾವುದನ್ನೂ ಮುಚ್ಚಿಡುವುದಿಲ್ಲ. ಕೇಳಿದ ಮಾರಿದತ್ತ ಬಲಿಯನ್ನೇ ತೊರೆಯುತ್ತಾನೆ. ಕೋಳಿಯನ್ನು ಕತ್ತರಿಸಿದ ಕೈ ಕೊಲ್ಲಬೇಕೆಂದು ಎತ್ತಿದ ಕೈ. ಅದನ್ನು ವರ್ಣಿಸಿದ ನಾಲಗೆ ಕೊಲ್ಲುವವನನ್ನು ತಡೆಯಬೇಕೆಂದು ನುಡಿದ ನಾಲಗೆ. ಚಿತ್ರ ಒಂದೇ, ಸಂಕಲ್ಪ ಬೇರೆ.

ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ಖಾತೆಯಲ್ಲಿ ನಷ್ಟವನ್ನು ಬರೆದ ಗುಮಾಸ್ತ ನಷ್ಟ ಮಾಡಿದವನಲ್ಲ. ನಷ್ಟವನ್ನು ಮರೆಮಾಚಿದವನು ದೋಷಿ. ನಷ್ಟವನ್ನೇ ಲಾಭವೆಂದು ಬರೆದವನು ಇನ್ನೂ ದೊಡ್ಡ ದೋಷಿ. ಕೊಲೆಯನ್ನು ದುಃಖವೆಂದು ಬರೆದ ಕಥೆಗೂ ಅದನ್ನೇ ಪರಾಕ್ರಮವೆಂದು ಮೆರೆಸುವ ಕಥೆಗೂ ಇರುವ ಅಂತರ ಇದೇ.

ನಮ್ಮ ಸೀಮೆಯ ಉದಾಹರಣೆಯನ್ನೇ ನೋಡೋಣ. ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮದ ಮನೆತನದಿಂದ ಬಂದ ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಚಿತ್ರವನ್ನು ತೆರೆಗೆ ತಂದರು. ನಾನಾಗ ಬಾಲಕ. ನಮ್ಮ ಓರಗೆಯವರಲ್ಲಿ ಕೆಲವರು ರಾಮಾಚಾರಿಯ ಸಿಟ್ಟನ್ನೂ ಸೆಡವನ್ನೂ ಅನುಕರಿಸುತ್ತ ತಿಂಗಳುಗಟ್ಟಲೆ ತಿರುಗಿದರು. ನನಗೆ ಉಳಿದದ್ದು ಚಾಮಯ್ಯ ಮೇಷ್ಟ್ರು ಬೆಟ್ಟದಿಂದ ಉರುಳಿದ ಗಳಿಗೆ. ಮನೆಗೆ ಬಂದು ಊಟ ಮಾಡಲಾಗಲಿಲ್ಲ. ಒಂದೇ ಚಿತ್ರ ಒಬ್ಬನಲ್ಲಿ ಕಷಾಯವನ್ನೂ ಇನ್ನೊಬ್ಬನಲ್ಲಿ ಕರುಣೆಯನ್ನೂ ಹುಟ್ಟಿಸಿತು. ಆದ್ದರಿಂದ ಹೊಣೆ ಬರೆದವನದಷ್ಟೇ ಅಲ್ಲ, ನೋಡುವವನದೂ ಹೌದು. ರಾಗದ್ವೇಷಗಳ ಉದಯವೇ ಹಿಂಸೆಯೆಂದು ‘ಪುರುಷಾರ್ಥ ಸಿದ್ಧ್ಯುಪಾಯ’ದಲ್ಲಿ ಅಮೃತಚಂದ್ರಾಚಾರ್ಯರು ಹೇಳಿದ ಅಭಿಪ್ರಾಯ ಇಲ್ಲಿ ಬೆಳಕು ನೀಡುತ್ತದೆ.

ಇಂದಿನ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ, ಅದರಲ್ಲಿ ಆಟಗಳಿವೆ. ಚಲನಚಿತ್ರದಲ್ಲಿ ಕೊಲೆಯನ್ನು ನಾವು ಕಾಣುತ್ತೇವೆ. ಈ ಆಟಗಳಲ್ಲಿ ಗುರಿಯಿಟ್ಟು ಗುಂಡಿ ಒತ್ತುವವನು ಮಗುವೇ. ಸತ್ತವರನ್ನು ಎಣಿಸಿ ಅಂಕ ಕೊಡುತ್ತಾರೆ. ಜೀವ ಹೋಗುವುದಿಲ್ಲ, ನಿಜ. ಹಿಟ್ಟಿನ ಕೋಳಿಯಲ್ಲಿಯೂ ಜೀವವಿರಲಿಲ್ಲ. ಟಗರಿಗಾಗಿ ಅತ್ತು ಬರೆದ ಹುಡುಗನನ್ನು ತಡೆದ ನಾವು, ನಮ್ಮ ಮನೆಯ ಪಡಸಾಲೆಯಲ್ಲಿಯೇ ನಡೆಯುವ ಈ ಸಂಕಲ್ಪವನ್ನು ‘ಮಕ್ಕಳಾಟ’ವೆಂದು ಸುಮ್ಮನಿದ್ದೇವೆ. ಇದು ವಿಚಾರಣೀಯ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಅವುಗಳನ್ನು ಬೆಳಕಿಗೆ ತಂದರು. ತಾಯಿತಂದೆಯರ ಸೇವೆ, ಜೀವಿಗಳಲ್ಲಿ ದಯೆ, ಸತ್ಯವಚನ, ಗುರುವಿನಲ್ಲಿ ಗೌರವ ಅವುಗಳ ಬೋಧೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. ಅರಸನ ಮಾತಿಗೂ ಲಿಪಿಕಾರ ತನ್ನ ಹೆಸರನ್ನು ಜೋಡಿಸಿದ್ದಾನೆ. ‘ಇದನ್ನು ಬರೆದವನು ನಾನು’ ಎಂದು ಅಂಜದೆ ಹೇಳಬಲ್ಲೆನೆ ಎಂದು ಕೇಳಿಕೊಳ್ಳುವುದು ಪ್ರತಿಯೊಬ್ಬ ಲೇಖಕನಿಗೂ ಒಳ್ಳೆಯ ಪರೀಕ್ಷೆ. ಆ ಬಾಲಕ ತನ್ನ ಕಥೆಯ ಕೆಳಗೆ ದುಂಡಾಗಿ ಹೆಸರು ಬರೆದಿದ್ದ. ತಿರಸ್ಕರಿಸಿದ ನಮ್ಮ ಚೀಟಿಯಲ್ಲಿ ಯಾರ ಸಹಿಯೂ ಇರಲಿಲ್ಲ.

ಬಸದಿಗಳ ಟ್ರಸ್ಟುಗಳಲ್ಲಿ, ಪಾಠಶಾಲೆಗಳಲ್ಲಿ ಇಂಥ ಸ್ಪರ್ಧೆಗಳನ್ನು ನಡೆಸುವ ಧರ್ಮಬಂಧುಗಳಲ್ಲಿ ನನ್ನದೊಂದು ಅರಿಕೆ. ‘ಕಥೆಯಲ್ಲಿ ಹಿಂಸೆಯಿದೆಯೆ?’ ಎಂದು ಕೇಳುವುದನ್ನು ಬಿಟ್ಟು, ‘ಓದಿ ಮುಗಿಸಿದ ಮೇಲೆ ಕೊಲ್ಲುವವನಾಗಲು ಮನಸ್ಸು ಹಾತೊರೆಯುತ್ತದೆಯೆ, ಸಾಯುವ ಜೀವಕ್ಕಾಗಿ ಮರುಗುತ್ತದೆಯೆ?’ ಎಂದು ಕೇಳೋಣ. ಎಳೆಯ ಮಕ್ಕಳ ಮುಂದೆ ಯಾವುದನ್ನು ಓದಬೇಕೆಂಬ ವಿವೇಕ ಇರಲಿ. ಆದರೆ ಅಸಹ್ಯವೆಂಬ ಒಂದೇ ಕಾರಣಕ್ಕೆ ಸತ್ಯವನ್ನು ಹೊರಗೆ ನಿಲ್ಲಿಸುವುದು ಬೇಡ.

ಕ್ಷಮಾವಾಣಿಯ ದಿನ ನಾನು ಆ ಹುಡುಗನ ಮನೆಗೆ ಹೋದೆ. ವರ್ಷವೂ ಕೈಮುಗಿದು ಎಲ್ಲರಲ್ಲಿಯೂ ಕ್ಷಮೆ ಕೇಳುವುದು ವಾಡಿಕೆ. ಅಂದು ಮಾತ್ರ ಯಾವ ತಪ್ಪಿಗೆಂದು ಹೆಸರಿಟ್ಟು ಕೇಳಿದೆ. ಅವನು ನಾಚಿ ಒಳಗೆ ಹೋಗಿ, ಕಥೆಯ ಹಾಳೆಗಳನ್ನು ತಂದು ಕೊಟ್ಟ. ಈ ಸಲ ಕೊನೆಯ ಪುಟವನ್ನು ಪೂರ್ತಿಯಾಗಿ ಓದಿದೆ.