ತಿಂಗಳ ಚಂದಾ ಮತ್ತು ರುಚಿಯ ಲೆಕ್ಕ

ಚಂದಾ ಎಂದರೆ ನಮ್ಮ ತಲೆಮಾರಿನವರಿಗೆ ಮೊದಲು ನೆನಪಾಗುವುದು ಪತ್ರಿಕೆ. ವರ್ಷಕ್ಕೊಮ್ಮೆ ಮನಿಯಾರ್ಡರ್ ಮಾಡಿದರೆ ತಿಂಗಳು ತಿಂಗಳೂ ಅಂಚೆಯವನು ತಂದುಕೊಡುತ್ತಿದ್ದ. ಆಮೇಲೆ ಮಸೀದಿಯ ಚಂದಾ, ಬೀದಿ ಗಣಪತಿಯ ಚಂದಾ, ರಾಜ್ಯೋತ್ಸವದ ಚಂದಾ. ಈಗ ಹಾಲು, ತರಕಾರಿ, ಸಿನಿಮಾ ಎಲ್ಲಕ್ಕೂ ಚಂದಾ ಇದೆ. ಬಿಯರಿಗೂ ಇದೆ ಎಂದು ನನಗೆ ಗೊತ್ತಾದದ್ದು ಜೆ.ಪಿ. ನಗರದ ರಾಯರಿಂದ.

ರಾಯರೂ ನಾನೂ ಒಂದೇ ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ಎದುರುಬದುರು ಮೇಜಿನಲ್ಲಿ ಕೂತವರು. ನಿವೃತ್ತಿಯಾದ ಮೇಲೆ ನಾನು ಗುರಪ್ಪನಪಾಳ್ಯದಿಂದ, ಅವರು ಜೆ.ಪಿ. ನಗರದಿಂದ ಬಂದು ಜಯನಗರದ ಒಂದು ಪಾರ್ಕಿನಲ್ಲಿ ಸೇರುತ್ತೇವೆ. ಅವರ ಮಗ ಬ್ರಿಟನ್ನಿನಲ್ಲಿದ್ದಾನೆ. ಮಗನ ಮನೆಯಲ್ಲಿ ಆರು ತಿಂಗಳಿದ್ದು ಬಂದ ರಾಯರು ಒಂದು ನೋಟ್‌ಬುಕ್ ತೋರಿಸಿದರು. ಅಲ್ಲಿ ಬಿಯರ್52 ಎಂಬ ಸಂಸ್ಥೆಯಿದೆ. 2013ರಲ್ಲಿ ಶುರುವಾದದ್ದು. ತಿಂಗಳ ಚಂದಾ ಕಟ್ಟಿದವರ ಮನೆಗೆ ಸಣ್ಣ ಸಣ್ಣ ತಯಾರಕರ ಬಿಯರುಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಜೊತೆಗೆ ಓದಲು ಒಂದು ಪತ್ರಿಕೆ. ಇವರು ಪ್ರತಿಯೊಂದನ್ನೂ ಮಗನ ಜೊತೆ ಅರ್ಧರ್ಧ ಲೋಟ ರುಚಿ ನೋಡಿ, ಬ್ಯಾಂಕಿನ ಲೆಡ್ಜರಿನ ಶಿಸ್ತಿನಲ್ಲಿ ಬರೆದಿಟ್ಟಿದ್ದರು. ಇದು ಗೋಧಿಯದು, ಬಾಳೆಹಣ್ಣಿನ ವಾಸನೆ. ಇದು ಹುರಿದ ಬಾರ್ಲಿಯದು, ಡಿಕಾಕ್ಷನ್ನಿನಂತೆ ಕಹಿ. ಇದರಲ್ಲಿ ಹಾಪ್ಸ್ ಹೂವು ಜಾಸ್ತಿ, ಕಿತ್ತಳೆ ಸಿಪ್ಪೆಯ ಘಮ.

ಕರ್ನಾಟಕದಲ್ಲಿ ಮದ್ಯವನ್ನು ಹೀಗೆ ಮನೆಬಾಗಿಲಿಗೆ ತರಿಸಿಕೊಳ್ಳಲು ಅನುಮತಿಯಿಲ್ಲ. ಆದ್ದರಿಂದ ರಾಯರು ಈಗ ತಿಂಗಳಿಗೊಮ್ಮೆ, ಪಿಂಚಣಿ ಬಂದ ವಾರ, ಹತ್ತಿರದ ಮೈಕ್ರೊಬ್ರೂವರಿಗೆ ಹೋಗುತ್ತಾರೆ. ಅಲ್ಲಿ ಪುಟ್ಟ ಪುಟ್ಟ ಲೋಟಗಳಲ್ಲಿ ನಾಲ್ಕಾರು ಬಗೆಯನ್ನು ಒಂದೇ ಹಲಗೆಯ ಮೇಲಿಟ್ಟು ಕೊಡುತ್ತಾರಂತೆ. ನೋಟ್‌ಬುಕ್ ಮುಚ್ಚುತ್ತಾ ಅವರು ಕೇಳಿದರು: "ಸಾಹೇಬ್ರೇ, ನಿಮ್ಮ ಧರ್ಮದಲ್ಲಿ ಬೇಡ ಅಂದಿದೆ, ನೀವು ಕುಡಿಯಲ್ಲ. ಅದು ಸರಿ. ಧರ್ಮ ಒಂದ್ ಕಡೆ ಇಟ್ಟು ಹೇಳಿ, ನಾನು ಮಾಡ್ತಿರೋದ್ರಲ್ಲಿ ತಪ್ಪೇನು?"

ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಹರಾಮ್ ಎಂಬ ಒಂದು ಪದ ಇಷ್ಟು ವರ್ಷ ನನ್ನ ಪರವಾಗಿ ಯೋಚಿಸಿಬಿಟ್ಟಿತ್ತು.

ರಾಯರ ಪಕ್ಷವನ್ನು ನ್ಯಾಯವಾಗಿ ನೋಡೋಣ. ಅವರು ಅಮಲಿಗಾಗಿ ಕುಡಿಯುವವರಲ್ಲ. ಕುಡಿದು ವಾಹನ ಓಡಿಸಿದವರಲ್ಲ, ಹೆಂಡತಿಗೆ ಒಂದು ಮಾತು ಹೆಚ್ಚು ಆಡಿದವರಲ್ಲ. ಅವರ ಕುತೂಹಲ ನಿಜವಾದದ್ದು. ಬಾರ್ಲಿ, ಹಾಪ್ಸ್, ಯೀಸ್ಟ್, ನೀರು ಎಂಬ ನಾಲ್ಕೇ ವಸ್ತುಗಳಿಂದ ಇಷ್ಟು ರುಚಿ ಹುಟ್ಟುತ್ತದಲ್ಲ ಎಂಬ ಬೆರಗು ಅದು. ಕುತೂಹಲವನ್ನು ಪಾಪವೆಂದು ಕರೆಯುವುದು ಸುಲಭವಲ್ಲ. ಕುರ್‌ಆನ್ ಕೂಡ ಮದ್ಯದ ಬಗ್ಗೆ ಮಾತಾಡುವಾಗ ಅದರಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಕೇಡು ಪ್ರಯೋಜನಕ್ಕಿಂತ ದೊಡ್ಡದು ಎನ್ನುತ್ತದೆ. ಅಂದರೆ ಅಲ್ಲಿಯೂ ಒಂದು ತೂಗುವಿಕೆಯಿದೆ.

ಬೇಡವೆನ್ನುವವರು ಸದಾ ಸರಿಯಾಗಿದ್ದರೆಂದೂ ಇಲ್ಲ. ನಾವು ಬೆಳಿಗ್ಗೆ ಎದ್ದೊಡನೆ ಹುಡುಕುವ ಕಾಫಿಯನ್ನೇ ನೋಡಿ. 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ಎಂಬಾತ ಕಾಫಿಯನ್ನು ನಿಷೇಧಿಸಿದ್ದ. ಅರಬ್ಬಿಯಲ್ಲಿ ಕಾಫಿಗೆ ಹೇಳುವ 'ಕಹ್ವಾ' ಎಂಬ ಪದ ಅದಕ್ಕೂ ಮುಂಚೆ ಮದ್ಯಕ್ಕೇ ಬಳಕೆಯಲ್ಲಿತ್ತು. ಆ ನಿಷೇಧ ಉಳಿಯಲಿಲ್ಲ. ಯೆಮನ್‌ನಿಂದ ಏಳು ಬೀಜಗಳನ್ನು ಬಾಬಾ ಬುಡನ್ ಚಿಕ್ಕಮಗಳೂರಿನ ಬೆಟ್ಟಕ್ಕೆ ತಂದರೆಂದು ಪ್ರತೀತಿ. ಇಂದು ಜಯನಗರದ ದರ್ಶಿನಿಯ ಮುಂದೆ ನಿಂತು ಸ್ಟೀಲ್ ಲೋಟ ಹಿಡಿದವನಿಗೆ ಇದೊಂದು ಕಾಲದಲ್ಲಿ ವಿವಾದವಾಗಿತ್ತೆಂದರೆ ನಗು ಬರುತ್ತದೆ. ಹಾಗಾದರೆ ಬಿಯರೂ ಇನ್ನೊಂದು ಕಾಫಿಯೇ?

ಅಲ್ಲವೆಂದು ನನಗನ್ನಿಸುತ್ತದೆ. ಕಾಫಿ ಎಚ್ಚರವನ್ನು ಹೆಚ್ಚಿಸುತ್ತದೆ. ಧ್ಯಾನಕ್ಕೆ ರಾತ್ರಿ ಜಾಗರಣೆ ಮಾಡುತ್ತಿದ್ದ ಸೂಫಿಗಳು ಅದನ್ನು ಹಿಡಿದುಕೊಂಡದ್ದು ಅದಕ್ಕಾಗಿಯೇ. ಮದ್ಯ ಎಚ್ಚರವನ್ನು ಕಳೆಯುತ್ತದೆ. ಯಾವುದು ಒಳಿತು, ಎಷ್ಟು ಸಾಕು ಎಂದು ನಿರ್ಧರಿಸುವ ಶಕ್ತಿಯ ಮೇಲೆಯೇ ಅದು ಮೊದಲು ಕೈಹಾಕುತ್ತದೆ. 'ಮಿತವಾಗಿ ಕುಡಿಯುತ್ತೇನೆ' ಎನ್ನುವವನು, ಮಿತಿಯನ್ನು ಕಾಯಲು ಕೂರಿಸಿದ ಕಾವಲುಗಾರನಿಗೇ ಲೋಟ ಕೊಟ್ಟಂತೆ. ಹೆಚ್ಚಾದರೆ ಅಮಲೇರಿಸುವ ವಸ್ತು ಸ್ವಲ್ಪವೂ ಸಲ್ಲದು ಎಂಬ ಪ್ರವಾದಿ ವಚನದ ಹಿಂದಿರುವ ವಿವೇಕ ಇದೆಂದು ಈಗ ನನಗೆ ಅರ್ಥವಾಗುತ್ತಿದೆ. ಇದನ್ನು ಒಪ್ಪಲು ಮುಸಲ್ಮಾನನೇ ಆಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಮದ್ಯಕ್ಕಿಲ್ಲ ಎಂದು ಆ ಸಂಸ್ಥೆ 2023ರಲ್ಲಿ ಹೇಳಿತು.

ಆದರೆ ಇದಿಷ್ಟೇ ಆಗಿದ್ದರೆ ರಾಯರು, "ನನ್ನ ದೇಹ, ನನ್ನ ಪಿಂಚಣಿ" ಎಂದು ಎದ್ದು ಹೋಗಬಹುದಿತ್ತು. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. ರಾಯರ ಮನೆಯಲ್ಲಿ ಪಾತ್ರೆ ತೊಳೆಯಲು ಬನಶಂಕರಿಯ ಕಡೆಯಿಂದ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಗಾರೆ ಕೆಲಸದ ಗಂಡ ಸಂಜೆಯಾದರೆ ಕುಡಿಯುತ್ತಾನೆ. ಅವಳ ಸಂಬಳ ಅವನ ಕೈಗೆ ಸಿಗದಿರಲೆಂದು ರಾಯರ ಪತ್ನಿಯೇ ಅದನ್ನು ಕೂಡಿಟ್ಟು ಮಕ್ಕಳ ಶಾಲೆಯ ಫೀಜು ಕಟ್ಟುತ್ತಾರೆ. ಅವನು ಕುಡಿದರೆ ನಾವೆಲ್ಲ ಅವನನ್ನು ಕುಡುಕ ಎನ್ನುತ್ತೇವೆ. ರಾಯರು ಕುಡಿದರೆ ರುಚಿ ನೋಡಿದರು ಎನ್ನುತ್ತೇವೆ. ಲೋಟದಲ್ಲಿರುವ ಅಮಲಿನ ವಸ್ತು ಮಾತ್ರ ಎರಡೂ ಕಡೆ ಒಂದೇ.

ಈ ಎರಡು ಭಾಷೆಗಳನ್ನು ನಮ್ಮ ನಾಡು ಬಹಳ ಅಚ್ಚುಕಟ್ಟಾಗಿ ರೂಢಿಸಿಕೊಂಡಿದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಬಡವನ ಪ್ಯಾಕೆಟ್ಟು ಸಮಾಜದ ಪಿಡುಗೆಂದು ಎಲ್ಲರೂ ಒಪ್ಪಿದರು, ಅದು ಪಿಡುಗೇ ಆಗಿತ್ತು. 2010-11ರ ಹೊತ್ತಿಗೆ ಇಂದಿರಾನಗರದಲ್ಲಿ, ವಿಠ್ಠಲ ಮಲ್ಯ ರಸ್ತೆಯಲ್ಲಿ ನಗರದ ಮೊದಲ ಮೈಕ್ರೊಬ್ರೂವರಿಗಳು ಬಾಗಿಲು ತೆರೆದವು. ಅದು ನಗರದ ಹೆಮ್ಮೆಯಾಯಿತು, ಸಂಸ್ಕೃತಿಯಾಯಿತು. ಇತ್ತ ಸಾರಾಯಿ ಬಿಟ್ಟ ಕೂಲಿಯವನು ಸರ್ಕಾರಿ ಮುದ್ರೆಯ ಅಗ್ಗದ ವಿಸ್ಕಿ, ರಮ್ಮಿಗೆ ತಿರುಗಿದ. ಅದಕ್ಕಾಗಿಯೇ 2019ರ ಜನವರಿಯಲ್ಲಿ ರಾಯಚೂರು, ಕೊಪ್ಪಳ ಮೊದಲಾದ ಜಿಲ್ಲೆಗಳ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು ಬಂದರು. ಅವರು ಕೇಳಿದ್ದು ರುಚಿಯ ಬಗ್ಗೆಯಲ್ಲ. ಸಂಜೆ ಮನೆಗೆ ಬರುವ ಗಂಡಸು ಮನುಷ್ಯನಾಗಿ ಬರಲಿ ಎಂದಷ್ಟೇ.

ಅವರ ಬೇಡಿಕೆ ಈಡೇರಲಿಲ್ಲ. ಏಕೆಂದರೆ ಈ ನಾಡಿನಲ್ಲಿ ಮದ್ಯಕ್ಕೆ ಎಲ್ಲರಿಗಿಂತ ದೊಡ್ಡ ಚಂದಾದಾರ ಸರ್ಕಾರವೇ. ಸಂವಿಧಾನದ 47ನೇ ವಿಧಿ ಮಾದಕ ಪಾನೀಯಗಳ ನಿಷೇಧಕ್ಕೆ ಪ್ರಯತ್ನಿಸುವುದು ರಾಜ್ಯದ ಕರ್ತವ್ಯವೆನ್ನುತ್ತದೆ. 2025-26ರ ರಾಜ್ಯ ಬಜೆಟ್ ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿತು. ನನ್ನ ಮೊಮ್ಮಗಳ ಸರ್ಕಾರಿ ಶಾಲೆಗೂ ನಾನು ಓಡಾಡುವ ರಸ್ತೆಗೂ ಆ ಹಣ ಸೇರಿದೆ. ಹದೀಸಿನಲ್ಲಿ ಮದ್ಯದ ಹೊಣೆ ಹತ್ತು ಜನರ ಮೇಲೆ ಹಂಚಿಕೆಯಾಗುತ್ತದೆ: ಹಿಂಡಿದವನು, ಹೊತ್ತವನು, ಸುರಿದುಕೊಟ್ಟವನು, ಮಾರಿದವನು, ಅದರ ದುಡ್ಡನ್ನು ಉಂಡವನು. ಆ ಪಟ್ಟಿಯ ಕೊನೆಯಲ್ಲೆಲ್ಲೋ ಲೋಟ ಮುಟ್ಟದ ನಾನೂ ನಿಂತಿದ್ದೇನೆಯೇ ಎಂಬ ಅನುಮಾನ ನನಗಿದೆ.

ಇನ್ನು ಚಂದಾದ ವಿಷಯ. ಬಾಯಾರಿದಾಗ ನೀರು ಹುಡುಕುವುದು ಸಹಜ. ಆಸೆಯಾದಾಗ ಅಂಗಡಿಗೆ ಹೋಗುವುದೂ ಮನುಷ್ಯ ಸ್ವಭಾವ. ಹೋಗುವ ದಾರಿಯಲ್ಲಿ 'ಬೇಕೇ?' ಎಂದು ಕೇಳಿಕೊಳ್ಳಲು ಒಂದಷ್ಟು ಸಮಯ ಇರುತ್ತದೆ. ಚಂದಾ ಆ ಪ್ರಶ್ನೆಯನ್ನೇ ತೆಗೆದುಹಾಕುತ್ತದೆ. ವಸ್ತು ಮೊದಲು ಬರುತ್ತದೆ, ಆಸೆ ಅದರ ಹಿಂದೆ ಬರಬೇಕು. ಬಂದ ಪೆಟ್ಟಿಗೆ ಮುಗಿಯದಿದ್ದರೆ ದುಡ್ಡು ದಂಡವಾಯಿತೆಂಬ ಸಂಕಟ. ಪತ್ರಿಕೆಯನ್ನಾದರೆ ಓದದೆ ಅಟ್ಟಕ್ಕೆ ಎಸೆಯಬಹುದು, ಅದು ನಮ್ಮ ರಕ್ತಕ್ಕೆ ಸೇರುವುದಿಲ್ಲ. ಈ ಮಾತು ಹೇಳಿದಾಗ ರಾಯರು ಸ್ವಲ್ಪ ಸುಮ್ಮನಾದರು. "ಹೌದು, ಅಲ್ಲಿ ಕೊನೇ ತಿಂಗಳು ನಮಗಿಬ್ಬರಿಗೂ ಮನಸ್ಸಿರ್ಲಿಲ್ಲ. ಬಂದಿದೆಯಲ್ಲ ಅಂತ ಕುಡಿದ್ವಿ" ಎಂದರು.

ರುಚಿಯನ್ನು ಬಲ್ಲವರು ಕುಡಿಯಲೇಬೇಕೆಂದೂ ಇಲ್ಲ. ಬಸವನಗುಡಿಯ ಡಿವಿಜಿ ಉಮರ್ ಖಯ್ಯಾಮನ ಮಧುಪಾತ್ರೆಯನ್ನು 'ಉಮರನ ಒಸಗೆ'ಯಾಗಿ ಕನ್ನಡಕ್ಕೆ ತಂದರು. ಹೆಂಡ ಮುಟ್ಟದ ರಾಜರತ್ನಂ ಕುಡುಕ ರತ್ನನ ಬಾಯಿಗೆ ನುಡಿ ಕೊಟ್ಟರು. ಕುಡುಕನನ್ನು ಒಳಗಿನಿಂದ ಅರಿಯಲು ರಾಜರತ್ನಂ ಅವರಿಗೆ ಬೇಕಾದದ್ದು ಹೆಂಡವಲ್ಲ, ಕರುಣೆ.

ಕರುಣೆ ಎಂದಾಗ ನಾನು ನನ್ನ ಮನೆಯ ಕಡೆಗೂ ನೋಡಬೇಕಾಗುತ್ತದೆ. ನನ್ನ ಚಾಚಾ ಒಬ್ಬರು ಕುಡಿಯುತ್ತಿದ್ದರು. ತಿಲಕನಗರದಲ್ಲಿ ಟೈಲರ್ ಆಗಿದ್ದರು, ಒಳ್ಳೆಯ ಕೈ. ನಮ್ಮ ಮನೆಯಲ್ಲಿ ಅವರಿಗೆ ಬೇರೆ ತಟ್ಟೆ, ಬೇರೆ ಲೋಟ. ಆಮೇಲೆ ಬಾಗಿಲೂ ಮುಚ್ಚಿತು. ಈದ್ ದಿನ ಹೊಲಿದ ಹೊಸ ಅಂಗಿ ಹಿಡಿದು ಬೀದಿಯ ತುದಿಯಲ್ಲಿ ನಿಂತಿದ್ದವರನ್ನು ನಾನು ನೋಡಿಯೂ ನೋಡದವನಂತೆ ಹೋದೆ. ನನಗಾಗ ಹತ್ತೊಂಬತ್ತು ವರ್ಷ. ಎರಡು ವರ್ಷದ ಬಳಿಕ ಒಂದು ಬಾಡಿಗೆ ಕೋಣೆಯಲ್ಲಿ ಅವರು ಒಬ್ಬರೇ ತೀರಿಕೊಂಡರು. ಕುಡಿತಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ಒಬ್ಬನನ್ನು ಜನ ಶಪಿಸಿದಾಗ, ಹಾಗೆ ಶಪಿಸಬೇಡಿ, ಅವನಿಗೆ ದೇವರ ಮೇಲೆ ಪ್ರೀತಿಯಿದೆ ಎಂದು ಪ್ರವಾದಿಯವರು ತಡೆದದ್ದನ್ನು ನಾನು ಓದಿದ್ದು ಬಹಳ ತಡವಾಗಿ. ಮದ್ಯದ ನಿಷೇಧ ಕೂಡ ಒಂದೇ ದಿನದಲ್ಲಿ ಬಂದದ್ದಲ್ಲ. ಮೊದಲು ಕೇಡು ಹೆಚ್ಚೆಂಬ ತಿಳಿವಳಿಕೆ, ಆಮೇಲೆ ಅಮಲಿನಲ್ಲಿ ನಮಾಜಿಗೆ ನಿಲ್ಲಬೇಡಿರೆಂಬ ಆದೇಶ, ಕೊನೆಗೆ ಪೂರ್ತಿ ವರ್ಜನೆ. ಮನುಷ್ಯರಿಗೆ ದೇವರು ಅಷ್ಟು ಅವಕಾಶ ಕೊಟ್ಟ. ನಾವು ಚಾಚಾಗೆ ಒಂದು ಲೋಟವನ್ನೂ ಕೊಡಲಿಲ್ಲ. ಕುಡಿಯದವನ ಅಹಂಕಾರಕ್ಕೂ ಒಂದು ಅಮಲಿದೆ. ಅದರ ವಾಸನೆ ಬಾಯಿಂದ ಬರುವುದಿಲ್ಲವಾದ್ದರಿಂದ ಯಾರೂ ಹಿಡಿಯುವುದಿಲ್ಲ.

ಒಂದು ವಾರ ಬಿಟ್ಟು ರಾಯರಿಗೆ ಉತ್ತರ ಹೇಳಿದೆ. "ರಾಯರೇ, ನಿಮ್ಮನ್ನು ಕೆಟ್ಟವರೆಂದು ನಾನು ಹೇಳಲಾರೆ. ಆದರೆ ನಿಮ್ಮ ಲೋಟ ಒಂಟಿಯಾಗಿಲ್ಲ. ನಿಮ್ಮ ರುಚಿಗೆ ಮರ್ಯಾದೆ ಸಿಕ್ಕಷ್ಟೂ ಆ ಹೆಣ್ಣುಮಗಳ ಅಳಲು ಸಣ್ಣದಾಗಿ ಕೇಳಿಸುತ್ತದೆ. ನಾನು ಕುಡಿಯದಿರುವುದಕ್ಕೆ ಧರ್ಮವನ್ನು ಪಕ್ಕಕ್ಕಿಟ್ಟು ಕೊಡಬಹುದಾದ ಕಾರಣ ಇದು."

ರಾಯರು ಪೂರ್ತಿ ಒಪ್ಪಲಿಲ್ಲ. "ಅವಳ ಗಂಡ ಕುಡಿಯೋದು ನಾನು ಬಿಟ್ಟರೆ ನಿಲ್ಲತ್ತಾ ಸಾಹೇಬ್ರೇ?" ಎಂದರು. ನಿಲ್ಲುವುದಿಲ್ಲ. ಅದು ನನಗೂ ಗೊತ್ತು. ಆದರೆ ನಾವು ಬಿಡುವುದರಿಂದ ಲೋಕ ಸರಿಹೋಗುವ ವಿಷಯಗಳನ್ನು ಮಾತ್ರ ಬಿಡುವುದಾದರೆ ಯಾರೂ ಏನನ್ನೂ ಬಿಡಬೇಕಾಗಿ ಬರುವುದಿಲ್ಲ. ಇಷ್ಟು ಹೇಳಿ ನಾನು ಸುಮ್ಮನಾದೆ. ಅವರು ಈ ತಿಂಗಳು ಹೋದರೋ ಇಲ್ಲವೋ ನಾನು ಕೇಳಿಲ್ಲ. ಕೇಳುವುದೂ ಇಲ್ಲ. ಬೆಳಿಗ್ಗೆ ಪಾರ್ಕಿನಿಂದ ಹೊರಬಂದು ಇಬ್ಬರೂ ಒಂದೇ ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಳ್ಳುತ್ತೇವೆ. ಆ ಲೋಟ ಹಿಡಿದಾಗಲೆಲ್ಲ, ಬೀದಿಯ ತುದಿಯಲ್ಲಿ ಹೊಸ ಅಂಗಿ ಹಿಡಿದು ನಿಂತಿದ್ದ ಚಾಚಾ ನನಗೆ ನೆನಪಾಗುತ್ತಾರೆ.