ಕಪಾಟು ಎಲ್ಲಿದೆ?

ಹನೂರು ತಾಲ್ಲೂಕಿನ ಅಜ್ಜೀಪುರದಂಥ ಊರಲ್ಲೂ ಮನೆಗೆ ಕಪಾಟು ಬರಲು ಈಗ ಎರಡು ದಾರಿ. ಬಡಗಿ ಬಂದು ಅಳತೆ ಹಿಡಿದು ಜಗಲಿಯಲ್ಲೇ ಕೂತು ಮಾಡಿಕೊಡಬಹುದು. ಇಲ್ಲವೇ ರಟ್ಟಿನ ಪೆಟ್ಟಿಗೆಯಲ್ಲಿ ಬರೀ ಹಲಗೆಗಳಾಗಿ ಬಂದಿಳಿಯಬಹುದು. ಎರಡನೆಯದರಲ್ಲಿ ಹಲಗೆಗಳ ಸಂದಿಯಲ್ಲೊಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ತಕರಾರೆಲ್ಲ ಆ ಚೀಲದ್ದೇ.

ಅದರೊಳಗಿನ ತಿರುಪುಗಳು ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದರ ಕೆಲಸ ಇನ್ನೊಂದಕ್ಕೆ ಬಾರದು. ಬಾಗಿಲಿನ ಕೀಲಿಗೆ 16 ಮಿಲಿಮೀಟರಿನ ಗಿಡ್ಡ ತಿರುಪು ಬೇಕು. ಹಲಗೆಯ ದಪ್ಪವೇ 18 ಆದ್ದರಿಂದ 25ರದ್ದು ಹಾಕಿದರೆ ಮೊನೆ ಆಚೆ ಬದಿಯಲ್ಲಿ ಇಣುಕುತ್ತದೆ. ಹಲಗೆಯ ಅಂಚಿಗೆ ಇನ್ನೊಂದು ಹಲಗೆಯನ್ನು ಬಿಗಿಯಲು 7 ಮಿಲಿಮೀಟರ್ ದಪ್ಪ, 50 ಉದ್ದದ ಕನ್‌ಫರ್ಮ್ಯಾಟ್ ತಿರುಪು. ಅದಕ್ಕೆ ಅಂಚಿನಲ್ಲಿ ಮೊದಲೇ 5 ಮಿಲಿಮೀಟರಿನ ತೂತು. ಒಂದು ಕಳೆದುಹೋಯಿತೆಂದು ಹಾರ್ಡ್‌ವೇರ್ ಅಂಗಡಿಯಿಂದ ಜಿಪ್ಸಂ ಹಲಗೆಗೆ ಬಳಸುವ ಕಪ್ಪು ತಿರುಪು ತಂದು ಹಾಕುವವರುಂಟು. ಅದು ಗಡಸು, ಆದರೆ ಪೆಡಸು. ಪಕ್ಕದಿಂದ ಭಾರ ಬಿದ್ದರೆ ಬಾಗುವುದಿಲ್ಲ, ತಲೆ ಕಳಚಿ ಬೀಳುತ್ತದೆ. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಈ ಹಲಗೆಗೆ ಸಾಗುವಾನಿಯ ಹಾಗೆ ಎಳೆಗಳಿಲ್ಲ. ತಿರುಪು ಕಚ್ಚಿಕೊಳ್ಳಬೇಕಾದದ್ದು ಆ ಪುಡಿಯನ್ನೇ. ಡ್ರಿಲ್ಲಿನಲ್ಲಿ ಒಂದು ಸುತ್ತು ಹೆಚ್ಚಾದರೂ ತೂತಿನ ಒಳಗೋಡೆ ಉದುರುತ್ತದೆ. ಕೊನೆಯ ಸುತ್ತು ಕೈಯಲ್ಲೇ ಆಗಬೇಕು.

ಈ ಚೀಲವನ್ನು ಕೈಯಲ್ಲಿ ಹಿಡಿದಾಗ ಕಪಾಟು ಎಲ್ಲಿದೆ? ಹಲಗೆಯಲ್ಲಿಲ್ಲ, ತಿರುಪಿನಲ್ಲಂತೂ ಇಲ್ಲ.

ಇದು ಹಳೆಯ ಜಗಳ. ಗ್ರೀಕ್ ದೊರೆ ಮಿಲಿಂದನಿಗೆ ಭಿಕ್ಷು ನಾಗಸೇನ ಕೇಳಿದ್ದೂ ಇದನ್ನೇ: ನೀನು ಬಂದ ರಥ ಯಾವುದು, ಅಚ್ಚೇ, ಗಾಲಿಯೇ, ನೊಗವೇ, ಹಗ್ಗವೇ? ಒಂದೊಂದನ್ನೂ ಅಲ್ಲವೆನ್ನಿಸಿ, ಅವೆಲ್ಲ ಸೇರಿದಾಗ ಇಡುವ ಹೆಸರಷ್ಟೇ ರಥ ಎಂದು ಒಪ್ಪಿಸುತ್ತಾನೆ. ಬೌದ್ಧ ತರ್ಕಕ್ಕೆ ಇದಕ್ಕಿಂತ ಚೆಂದದ ಪಾಠವಿಲ್ಲ. ಆದರೆ ಆ ಪಟ್ಟಿಯನ್ನು ಬಡಗಿಯೊಬ್ಬ ಓದಿದ್ದರೆ ತಟ್ಟನೆ ಕೇಳುತ್ತಿದ್ದ: ಸ್ವಾಮೀ, ಕಡಾಣಿ ಎಲ್ಲಿ? ಚಾವಟಿಕೋಲನ್ನೂ ಬಿಡದೆ ಎಣಿಸಿದ ನಾಗಸೇನ, ಗಾಲಿ ಕಳಚದಂತೆ ತಡೆಯುವ ಆ ತುಂಡನ್ನು ಹೆಸರಿಸುವುದೇ ಇಲ್ಲ.

ಕಥೆ ಹೇಳುವವರು ಮರೆತಿಲ್ಲ. ಯುದ್ಧದ ನಡುವೆ ದಶರಥನ ರಥದ ಕಡಾಣಿ ಕಳಚಿದಾಗ ಕೈಕೇಯಿ ಅಲ್ಲಿಗೆ ಬೆರಳಿಟ್ಟು ಗಾಲಿ ಉಳಿಸಿದಳು ಎಂಬ ಕಥೆ ವಾಲ್ಮೀಕಿಯಲ್ಲಿಲ್ಲ; ಅಲ್ಲಿ ಅವಳು ಗಾಯಗೊಂಡ ಗಂಡನನ್ನು ರಣದಿಂದ ಸಾಗಿಸಿ ಕಾಪಾಡುತ್ತಾಳೆ. ಜನರ ಬಾಯಲ್ಲಿ ಉಳಿದದ್ದು ಮಾತ್ರ ಬೆರಳೇ. ಎರಡು ವರ, ಹದಿನಾಲ್ಕು ವರ್ಷದ ವನವಾಸ, ಎಲ್ಲ ಒಂದು ಕಡಾಣಿಯ ಬೆಲೆ!

ನಾಗಸೇನನ ಮಾತನ್ನು ಒಪ್ಪದವರು ವೈಶೇಷಿಕ, ನ್ಯಾಯ ದರ್ಶನಗಳ ಪಂಡಿತರು. ಅವಯವಗಳು ಕೂಡಿದಾಗ ಅವಯವಿ ಎಂಬ ಹೊಸ ವಸ್ತುವೇ ಹುಟ್ಟುತ್ತದೆ, ಅದು ಬರಿಯ ಹೆಸರಲ್ಲ ಎಂಬುದು ಅವರ ಪಟ್ಟು. ಅವರ ನೆಚ್ಚಿನ ಉದಾಹರಣೆ ನೂಲು ಮತ್ತು ಬಟ್ಟೆ. ನೂಲು ಸಮವಾಯಿ (ಒಳಗಿನ ಸಾಮಗ್ರಿಯಾದ) ಕಾರಣ, ನೂಲುಗಳ ಸಂಯೋಗ ಅಸಮವಾಯಿ (ಜೋಡಣೆಯ) ಕಾರಣ, ಮಗ್ಗ ಮತ್ತು ನೇಕಾರ ನಿಮಿತ್ತ (ಹೊರಗಿನ) ಕಾರಣ. ರೇಷ್ಮೆಯ ಊರಾದ ಕೊಳ್ಳೇಗಾಲದಲ್ಲಿ ಇದನ್ನು ವಿವರಿಸಬೇಕಿಲ್ಲ. ಆದರೆ ಬಟ್ಟೆಯಲ್ಲಿ ನೂಲನ್ನು ನೂಲೇ ಹಿಡಿದುಕೊಳ್ಳುತ್ತದೆ, ಮೂರನೆಯವರ ಹಂಗಿಲ್ಲ. ಕಪಾಟಿಗೆ ಉಂಟು. ಹಲಗೆ ನೂಲಿನ ಜಾಗದಲ್ಲಿದೆ, ತಿರುಪುಳಿ ಮಗ್ಗದ ಜಾಗದಲ್ಲಿದೆ. ತಿರುಪು? ಅದು ಉಪಕರಣದಂತೆ ಕೆಲಸ ಮಾಡಿ, ಅವಯವದಂತೆ ಒಳಗೇ ಉಳಿದುಬಿಡುತ್ತದೆ.

ನ್ಯಾಯಸೂತ್ರದಲ್ಲಿ ಒಂದು ಸೊಗಸಾದ ಪರೀಕ್ಷೆಯಿದೆ: ಒಂದು ತುದಿ ಹಿಡಿದು ಎಳೆದರೆ ಇಡೀ ವಸ್ತು ಬರುತ್ತದೆ, ಹಾಗಾಗಿ ಇಡೀ ಎಂಬುದೊಂದು ಇದೆ. ಜೋಡಿಸಿದ ಕಪಾಟನ್ನು ಮೂಲೆ ಹಿಡಿದು ಎತ್ತಿ ನೋಡುವ ಮನೆಯವರು ಮಾಡುವುದೂ ಇದನ್ನೇ. ಆದರೆ ಭಾಷ್ಯಕಾರ ವಾತ್ಸ್ಯಾಯನ ಪ್ರಾಮಾಣಿಕ. ಅರಗಿನಲ್ಲಿ ಅಂಟಿಸಿದ ಹುಲ್ಲು, ಕಲ್ಲು, ಕಟ್ಟಿಗೆಯೂ ಒಟ್ಟಿಗೇ ಎದ್ದು ಬರುತ್ತವೆ, ಅಷ್ಟಕ್ಕೆ ಅಲ್ಲಿ ಹೊಸ ವಸ್ತು ಹುಟ್ಟಿತೆನ್ನಲಾದೀತೇ ಎಂದು ತನ್ನ ಪಕ್ಷದ ವಾದವನ್ನೇ ತಿವಿಯುತ್ತಾನೆ. ಫೆವಿಕಾಲ್ ಕಾಲದಲ್ಲೂ ಈ ಆಕ್ಷೇಪ ಹಳಸಿಲ್ಲ.

ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ: ಅವಯವ, ಅವಯವಿಗಳನ್ನು ಬೆಸೆಯಲು ವೈಶೇಷಿಕರು ಹೇಳುವ ಸಮವಾಯ ಎಂಬ ಸಂಬಂಧ ಬೇಕಾದರೆ, ಆ ಸಂಬಂಧವನ್ನು ಬೆಸೆಯಲು ಮತ್ತೊಂದು ಬೇಡವೇ, ಅದಕ್ಕೆ ಮಗದೊಂದು? ತಿರುಪಿಗೆ ತಿರುಪು ಹಾಕುವವರು ಯಾರು ಎಂದಂತೆ. ಬಡಗಿಯ ಉತ್ತರ ಘರ್ಷಣೆ. ತಿರುಪಿನ ಸುರುಳಿ ಹಲಗೆಯನ್ನು ಒತ್ತುತ್ತದೆ, ಹಲಗೆ ಸುರುಳಿಯನ್ನು ಮರಳಿ ಒತ್ತುತ್ತದೆ, ಮತ್ತೊಂದು ಬೇಕಿಲ್ಲ. ವೇದಾಂತಿಗೆ ಇದು ಸಾಲದು, ನಿಜ. ಆದರೆ ಸರಿಯಾದ ಗಾತ್ರದ ತಿರುಪು ಆರಿಸಿದವನು ಆ ಅನಂತ ಸರಪಳಿಯನ್ನು ಒಂದು ಕಡೆ ನಿಲ್ಲಿಸಿರುತ್ತಾನೆ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗ ಬುಡಕಟ್ಟಿನವರು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ನೆರವಿನಿಂದ ಕಲಿತು ಮಾಡುವ ಲಂಟಾನ ಕುರ್ಚಿಗೆ ಈ ಪೇಚಿಲ್ಲ. ಕಾಡು ನುಂಗುವ ಕಳೆಯ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ತೆಗೆದು, ಬಗ್ಗಿಸಿ ಮೊಳೆ ಹೊಡೆದರೆ ಮುಗಿಯಿತು. ಅದನ್ನು ಬಿಚ್ಚುವ ಮಾತಿಲ್ಲ. ಪ್ರಶ್ನೆ ಏಳುವುದು ಬಿಚ್ಚಲೆಂದೇ ಕಟ್ಟುವ ವಸ್ತುಗಳಲ್ಲಿ.

ಅಂಥವುಗಳಲ್ಲಿ ಕರ್ನಾಟಕದ ಅತಿ ಪ್ರಸಿದ್ಧ ಪೀಠೋಪಕರಣ ಮೈಸೂರು ಅರಮನೆಯ ರತ್ನಸಿಂಹಾಸನ. ವರ್ಷವಿಡೀ ಬಿಡಿಭಾಗಗಳಾಗಿ ಭದ್ರತಾ ಕೊಠಡಿಯಲ್ಲಿರುತ್ತದೆ. ದಸರೆಗೆ ಮುಂಚೆ ಗೆಜ್ಜಗಳ್ಳಿಯ ಜನ ಬಂದು ಜೋಡಿಸುತ್ತಾರೆ. ನವರಾತ್ರಿಯ ಮೊದಲ ದಿನ ಮುಹೂರ್ತ ನೋಡಿ ಸಿಂಹದ ಮುಖ ಕೂಡಿಸಿದ ಮೇಲೆಯೇ ಖಾಸಗಿ ದರ್ಬಾರು. ದರ್ಬಾರುಗಳು ಮುಗಿದ ಮೇಲೆ ಸಿಂಹ ವಿಸರ್ಜನೆ, ಹಬ್ಬ ಮುಗಿದ ಮೇಲೆ ಮತ್ತೆ ಬಿಡಿಭಾಗ. ಸಂಯೋಗ ನಾಶವಾದರೆ ಅವಯವಿಯೂ ನಾಶ ಎನ್ನುವ ವೈಶೇಷಿಕನ ಲೆಕ್ಕದಲ್ಲಿ ಪ್ರತಿ ದಸರೆಗೂ ಹೊಸ ಸಿಂಹಾಸನ ಹುಟ್ಟಬೇಕು. ಅರಮನೆ ಒಪ್ಪುವುದಿಲ್ಲ, 1610ರಲ್ಲಿ ಶ್ರೀರಂಗಪಟ್ಟಣ ಗೆದ್ದ ರಾಜ ಒಡೆಯರಿಗೆ ದೊರೆತದ್ದೇ ಇದು ಎಂಬುದು ಪರಂಪರೆಯ ಮಾತು. ಇಲ್ಲಿ ಪರಂಪರೆಯ ಪಕ್ಷವೇ ಗಟ್ಟಿ ಎನಿಸುತ್ತದೆ: ಅದೇ ಭಾಗ ಅದೇ ಜಾಗಕ್ಕೆ ಮರಳುವುದಾದರೆ ನಡುವಿನ ತಿಂಗಳುಗಳು ವಸ್ತುವನ್ನು ಕೊಲ್ಲುವುದಿಲ್ಲ.

ವರ್ಗವಾದಾಗ ಕಪಾಟು ಬಿಚ್ಚಿಕೊಂಡು ಹನೂರಿನಿಂದ ಯಳಂದೂರಿಗೆ ಹೊರಡುವ ಮೇಷ್ಟರಿಗೂ ಇದು ಅನ್ವಯಿಸುತ್ತದೆ, ಒಂದು ಷರತ್ತಿನ ಮೇಲೆ. ತಿರುಪನ್ನು ಹಳೆಯ ತೂತಿನಲ್ಲಿಟ್ಟು ಮೊದಲು ಹಿಂದಕ್ಕೆ ತಿರುಗಿಸಬೇಕು. ಹಳೆಯ ಸುರುಳಿಯ ದಾರಿಗೆ ಟಕ್ಕೆಂದು ಇಳಿದ ಮೇಲಷ್ಟೇ ಮುಂದಕ್ಕೆ ಬಿಗಿಯಬೇಕು. ನೇರ ಬಿಗಿದರೆ ಅದು ಪುಡಿಯಲ್ಲಿ ಹೊಸ ದಾರಿ ಕೊರೆಯುತ್ತದೆ, ಹಳೆಯದೂ ಹಾಳಾಗಿ ತೂತು ಸಡಿಲವಾಗುತ್ತದೆ.